ಆರೂವರೆ ನಂಬರಿನ ಕೈ

ಆಪರೇಷನ್ ಥಿಯೇಟರಿನ ಕಪಾಟಿನಲ್ಲಿ ಗ್ಲೌಸಿನ ಪೆಟ್ಟಿಗೆಗಳನ್ನು ನಂಬರಿನ ಪ್ರಕಾರ ಜೋಡಿಸಿಟ್ಟಿರುತ್ತಾರೆ. ಆರು, ಆರೂವರೆ, ಏಳು, ಏಳೂವರೆ, ಎಂಟು. ಅಂಗೈಯ ಸುತ್ತಳತೆ ಎಷ್ಟು ಇಂಚೋ ಹೆಚ್ಚುಕಡಿಮೆ ಅದೇ ಗ್ಲೌಸಿನ ನಂಬರು. ಕೈ ತೊಳೆದುಕೊಂಡು ಬಂದ ವೈದ್ಯೆ ಬಾಗಿಲಲ್ಲೇ ‘ಸಿಸ್ಟರ್, ಆರೂವರೆ’ ಅಂದರೆ ಸಾಕು, ಸರಿಯಾದ ಜೋಡಿ ಬರುತ್ತದೆ. ಅರ್ಧ ನಂಬರು ದೊಡ್ಡದಾದರೂ ಬೆರಳ ತುದಿಯಲ್ಲಿ ರಬ್ಬರು ಸುಕ್ಕುಗಟ್ಟಿ ದಾರ ಸಿಕ್ಕಿಕೊಳ್ಳುತ್ತದೆ ಎಂದು ಬದಲಿಸಿ ಕೊಡುತ್ತಾರೆ. ಆದರೆ ಮುಂದಿನ ಎರಡು ಮೂರು ತಾಸು ಅದೇ ಕೈ ಹಿಡಿದು ಕೆಲಸ ಮಾಡುವ ಉಪಕರಣಕ್ಕೆ ನಂಬರಿಲ್ಲ. ಅದು ಸಾಮಾನ್ಯವಾಗಿ ಒಂದೇ ಅಳತೆಯಲ್ಲಿ ಬರುತ್ತದೆ. ಕೈಯೇ ಅದಕ್ಕೆ ಹೊಂದಿಕೊಳ್ಳಬೇಕು.

ಕೆರೆಯಿಂದಾಗಿ ಧಾರವಾಡದವರಿಗೆಲ್ಲ ಪರಿಚಿತವಾದ ಕೆಲಗೇರಿಯಂಥ ಊರಿನಲ್ಲಿ ‘ದುರ್ಬೀನು ಆಪರೇಷನ್’, ಅಂದರೆ ಲ್ಯಾಪರೋಸ್ಕೋಪಿ, ಈಗ ಹೊಸ ಮಾತಲ್ಲ. ಗರ್ಭಚೀಲದ ಗಡ್ಡೆಗೋ, ಅಂಡಾಶಯದ ನೀರುಗುಳ್ಳೆಗೋ, ಮಕ್ಕಳಾಗದ ಆಪರೇಷನ್ನಿಗೋ ಹೊಟ್ಟೆಗೆ ಸಣ್ಣ ತೂತು ಹಾಕಿಸಿಕೊಂಡು ಬಂದವರು ಓಣಿಯಲ್ಲಿ ಒಬ್ಬರಾದರೂ ಸಿಕ್ಕಾರು. ದೊಡ್ಡ ಗಾಯವಿಲ್ಲ, ನೋವು ಕಡಿಮೆ, ಬೇಗ ಮನೆ. ಈ ಲಾಭಗಳ ಬಗ್ಗೆ ಈಗ ಯಾರಿಗೂ ತಕರಾರಿಲ್ಲ. ಊರಿನಿಂದ ಹೊರಟವರಿಗೆ ಸತ್ತೂರಿನಲ್ಲಿ 2003ರಲ್ಲಿ ಶುರುವಾದ ಎಸ್‌ಡಿಎಂ ವೈದ್ಯಕೀಯ ಕಾಲೇಜಿದೆ. ಹುಬ್ಬಳ್ಳಿಯಲ್ಲಿ 1957ರಿಂದ ನಡೆದುಬಂದಿರುವ, ಹೆಸರು ಬದಲಾದರೂ ಜನ ‘ಕಿಮ್ಸ್’ ಎಂದೇ ಕರೆಯುವ ಸರಕಾರಿ ಕಾಲೇಜಿದೆ. ಎರಡೂ ಕಲಿಸುವ ಆಸ್ಪತ್ರೆಗಳು. ಎಂಬಿಬಿಎಸ್ ಮುಗಿಸಿ ಮೂರು ವರ್ಷದ ಎಂ.ಎಸ್. ಮಾಡಲು ಬಂದ ಪಿಜಿಗಳು ಇಂಥ ಆಸ್ಪತ್ರೆಗಳ ಥಿಯೇಟರಿನಲ್ಲಿ ದೊಡ್ಡವರ ಪಕ್ಕ ನಿಂತು ಕಲಿಯುತ್ತಾರೆ. ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಇವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಅವರ ಗ್ಲೌಸು ಹೆಚ್ಚಾಗಿ ಆರು ಅಥವಾ ಆರೂವರೆ.

ಈ ವಿದ್ಯೆಯಲ್ಲಿ ಅವರಿಗೆ ಸಿಗುವ ಮೊದಲ ಕೆಲಸ ಕ್ಯಾಮರಾ ಹಿಡಿಯುವುದು. ಕೇಳಲು ಸುಲಭ. ಹೊಕ್ಕುಳಿನ ಬಳಿಯ ತೂತಿನಿಂದ ಹೋದ ದೂರದರ್ಶಕದ ತುದಿ ಹೆಚ್ಚಾಗಿ 30 ಡಿಗ್ರಿ ಓರೆಯಾಗಿರುತ್ತದೆ. ಬೆಳಕಿನ ಕೇಬಲ್ಲನ್ನು ಒಂದು ಕಡೆಗೆ ತಿರುಗಿಸಿದರೆ ನೋಟವೇ ತಿರುಗುತ್ತದೆ, ಕ್ಯಾಮರಾ ತಲೆ ವಾಲಿದರೆ ಪರದೆಯ ಮೇಲೆ ಇಡೀ ಕಿಬ್ಬೊಟ್ಟೆಯೇ ವಾಲುತ್ತದೆ. ‘ಹಾರಿಜಾನ್ ನೋಡವಾ, ಹಾರಿಜಾನ್!’ ಎಂಬ ಕೂಗು ಕೇಳದೆ ಮೊದಲ ವರ್ಷ ಮುಗಿಸಿದ ಪಿಜಿ ಇರಲಾರಳು. ಒಳಗಿನ ಬಿಸಿಗೆ ಲೆನ್ಸು ಮಂಜಾಗುತ್ತದೆ. ಹೊರಗೆ ತೆಗೆದು ಬಿಸಿನೀರಿನಲ್ಲಿ ಅದ್ದಿ ಒರೆಸಿ ಮತ್ತೆ ಒಳಗಿಡಬೇಕು. ಇದೆಲ್ಲ ನಡೆಯುವಾಗ ಅವಳ ತೋಳು ರೋಗಿಯ ಎದೆಯ ಮೇಲಿಂದ ಚಾಚಿಕೊಂಡೇ ಇರುತ್ತದೆ.

ಎರಡನೆಯ ಕೆಲಸ ಇನ್ನೂ ಕಷ್ಟದ್ದು. ಅದನ್ನು ಹೊಗಳಿದವರನ್ನು ಮಾತ್ರ ಹುಡುಕಬೇಕು. ಗರ್ಭಚೀಲವನ್ನು ಕೆಳಗಿನಿಂದ ಮೇಲಕ್ಕೆತ್ತಿ ಬೇಕಾದ ಕಡೆಗೆ ವಾಲಿಸಲು ಮ್ಯಾನಿಪ್ಯುಲೇಟರ್ ಎಂಬ ಉದ್ದ ಹಿಡಿಕೆಯ ಸಾಧನವಿದೆ. ಅದನ್ನು ಹಿಡಿದು ರೋಗಿಯ ಕಾಲುಗಳ ನಡುವೆ ಕೂರುವವಳು ಸಾಮಾನ್ಯವಾಗಿ ಎಲ್ಲರಿಗಿಂತ ಕಿರಿಯ ಪಿಜಿ. ‘ಇನ್ನೂ ಮ್ಯಾಲೆ, ಬಲಕ್ಕೆ, ಹಂಗs ಹಿಡಿ’ ಎಂಬ ಆಜ್ಞೆಗಳ ನಡುವೆ ತಾಸುಗಟ್ಟಲೆ ಒಂದೇ ಒತ್ತಡದಲ್ಲಿ ಹಿಡಿಯಬೇಕು. ಮೂತ್ರನಾಳ ಸುರಕ್ಷಿತವಾಗಿ ದೂರ ಉಳಿಯುವುದರಲ್ಲಿ ಅವಳ ಮಣಿಕಟ್ಟಿನ ಪಾಲು ದೊಡ್ಡದು. ಪರದೆ ಅವಳಿಗೆ ಕಾಣುವಂತೆ ಇಟ್ಟಿದ್ದರೆ ಅವಳೂ ಏನಾದರೂ ಕಲಿತಾಳು. ಇಡದಿದ್ದರೆ ಅವಳು ಹಿಡಿದದ್ದು ಒಂದು ಕೋಲು ಮಾತ್ರ.

ಇನ್ನು ನಿಜವಾದ ಉಪಕರಣ ಕೈಗೆ ಬಂದಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಪಾದರಸದ ಲೆಕ್ಕದಲ್ಲಿ 12ರಿಂದ 15 ಮಿಲಿಮೀಟರ್ ಒತ್ತಡದಲ್ಲಿ ಹೊಟ್ಟೆಯ ಗೋಡೆಯನ್ನು ಮೇಲೆತ್ತಿರುತ್ತಾರೆ. ಆ ಗೋಡೆಯಲ್ಲಿ ನಾಟಿದ ಕೊಳವೆಯ ಮೂಲಕ 5 ಮಿಲಿಮೀಟರ್ ದಪ್ಪದ, ಒಂದಡಿಗಿಂತ ತುಸು ಉದ್ದದ ಸರಳು ಒಳಗೆ ಹೋಗುತ್ತದೆ. ಸರಳು ತಿರುಗುವ ಬಿಂದು ಕೈಯ ಹತ್ತಿರವಿಲ್ಲ, ತುದಿಯಲ್ಲೂ ಇಲ್ಲ, ರೋಗಿಯ ಚರ್ಮದಲ್ಲಿದೆ. ಹಾಗಾಗಿ ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ, ಕೈ ಇಳಿದರೆ ತುದಿ ಮೇಲಕ್ಕೆ. ಸರಳು ಹೆಚ್ಚು ಒಳಗೆ ಹೋದಂತೆ ಹೊರಗಿನ ಸಣ್ಣ ನಡುಕವೂ ಒಳಗೆ ದೊಡ್ಡದಾಗುತ್ತದೆ. ನೋಟ ಚಪ್ಪಟೆ, ಆಳ ತಿಳಿಯದು. ಅಂಗಾಂಶ ಮೆತ್ತಗಿದೆಯೋ ಗಟ್ಟಿಯೋ ಎಂಬ ಸ್ಪರ್ಶ, ಕೀಲು ಮತ್ತು ಕೊಳವೆಯ ರಬ್ಬರು ದಾಟಿ ಬೆರಳಿಗೆ ಮುಟ್ಟುವಷ್ಟರಲ್ಲಿ ಅರ್ಧ ಸತ್ತಿರುತ್ತದೆ. ತೆರೆದ ಶಸ್ತ್ರಚಿಕಿತ್ಸೆಯ ಚಿಮುಟದಲ್ಲಿ ಹಗುರಾಗಿ ಹಿಡಿಯಬಹುದಾದದ್ದನ್ನು ಇಲ್ಲಿ ಹಿಡಿಯಲು ಹಲವು ಪಟ್ಟು ಬಲ ಹಾಕಬೇಕು.

ಈ ಬಲವೆಲ್ಲ ಹೋಗುವುದು ಹೆಬ್ಬೆರಳಿನ ಮೂಲಕ. ಹಳೆಯ ಕತ್ತರಿಯಂತೆ ಎರಡು ಉಂಗುರದ ಹಿಡಿಕೆಯನ್ನೇ ಉದ್ದ ಸರಳಿಗೆ ಅಂಟಿಸಿದ್ದರ ಫಲ ಇದು. ಗಿಡ್ಡ ಕತ್ತರಿಯಲ್ಲಿ ಆ ಉಂಗುರಗಳು ಚೆನ್ನ. ಕೀಲು ಬೆರಳಿನ ಹತ್ತಿರವೇ ಇರುತ್ತದೆ, ಮಣಿಕಟ್ಟು ನೇರವಾಗಿರುತ್ತದೆ. ಸರಳು ಹೊಟ್ಟೆಯೊಳಗೆ ಯಾವುದೋ ಕೋನದಲ್ಲಿ ಸಿಕ್ಕಿಕೊಂಡಿರುವಾಗ ಉಂಗುರ ಕೈಯನ್ನು ತನ್ನ ಕಡೆಗೆ ಎಳೆಯುತ್ತದೆ. ಮಣಿಕಟ್ಟು ಮಡಚಿ ಕಿರುಬೆರಳಿನ ಕಡೆಗೆ ಸೊಟ್ಟಗಾಗುತ್ತದೆ, ಮೊಣಕೈ ಪಕ್ಕಕ್ಕೆ ಎದ್ದು ನಿಲ್ಲುತ್ತದೆ, ಭುಜ ಕಿವಿಯ ಕಡೆಗೇರುತ್ತದೆ. ಉಂಗುರದ ಅಂಚು ಹೆಬ್ಬೆರಳಿನ ನರವನ್ನು ಒತ್ತಿ ಜೋಮು ಹಿಡಿಯುವುದಂತೂ ವೈದ್ಯ ಸಾಹಿತ್ಯದಲ್ಲಿ ದಾಖಲಾದ ತೊಂದರೆ. ಅನುಭವಸ್ಥರು ಹೆಬ್ಬೆರಳನ್ನು ಉಂಗುರದಿಂದ ಹೊರಗೆ ತೆಗೆದು, ಇಡೀ ಹಿಡಿಕೆಯನ್ನು ಅಂಗೈಯಲ್ಲಿ ತುಂಬಿ ಹಿಡಿಯುತ್ತಾರೆ. ಈ ಉಪಾಯವನ್ನು ಮೊದಲ ವಾರವೇ ಹೇಳಿಕೊಡುವವರೂ ಇದ್ದಾರೆ, ಪಿಜಿ ತಾನಾಗಿ ಕಂಡುಕೊಳ್ಳಲಿ ಎಂದು ಬಿಡುವವರೂ ಇದ್ದಾರೆ.

ಅಂಗೈ ದೊಡ್ಡದಿದ್ದರೆ ಸರಿ. ಸಣ್ಣದಿದ್ದರೆ? ರಾಮೋನ್ ಬರ್ಗರ್ ಮತ್ತು ಅಲನ್ ರೆಲ್ಯಾಕ್ 2004ರಲ್ಲಿ 726 ಲ್ಯಾಪರೋಸ್ಕೋಪಿ ಶಸ್ತ್ರವೈದ್ಯರ ಸಮೀಕ್ಷೆಯನ್ನು ಪ್ರಕಟಿಸಿದರು. ಆರೂವರೆ ಅಥವಾ ಅದಕ್ಕಿಂತ ಸಣ್ಣ ಗ್ಲೌಸು ಹಾಕುವವರಿಗೆ ಸಾಮಾನ್ಯ ಉಪಕರಣಗಳನ್ನು ಬಳಸುವುದೇ ಹೆಚ್ಚು ಕಷ್ಟ ಎಂಬುದು ಅದರಲ್ಲಿ ಕಂಡುಬಂತು. 2008ರಲ್ಲಿ ಅಮೆರಿಕದ ಇನ್ನೊಂದು ತಂಡ, ಒಂದು ಸಲ ಬಳಸಿ ಎಸೆಯುವ ಲ್ಯಾಪರೋಸ್ಕೋಪಿ ಸಾಧನಗಳು ಮಹಿಳಾ ಶಸ್ತ್ರವೈದ್ಯರ ಕೈಗೆ ಹೊಂದುವುದಿಲ್ಲ ಎಂದು ನೇರವಾಗಿಯೇ ಬರೆಯಿತು. ರಕ್ತನಾಳವನ್ನು ಕಾಯಿಸಿ ಮುಚ್ಚಿ ಕತ್ತರಿಸುವ ದಪ್ಪ ಹಿಡಿಕೆಯ ಸಾಧನಗಳಲ್ಲಿ ಇದು ಎದ್ದು ಕಾಣುತ್ತದೆ. ಸಣ್ಣ ಕೈಯ ಬೆರಳು ಟ್ರಿಗರನ್ನು ಪೂರ್ತಿ ಬಳಸಿ ಹಿಡಿಯಲಾಗದೆ, ಇನ್ನೊಂದು ಕೈಯನ್ನೂ ಸೇರಿಸಿ ಒತ್ತಬೇಕಾಗುತ್ತದೆ. ಎರಡು ಕೈ ಒಂದೇ ಸಾಧನದ ಮೇಲಿದ್ದರೆ ಅಂಗಾಂಶವನ್ನು ಎಳೆದು ಹಿಡಿಯುವವರು ಯಾರು?

ಇದರಿಂದ ಸಣ್ಣ ಕೈಯವರು ಈ ವಿದ್ಯೆ ಕಲಿಯಲಾರರು ಎಂದು ತೀರ್ಮಾನಿಸುವುದು ಮೂರ್ಖತನ. ಅವರು ಕಲಿಯುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಆದರೆ ಕಲಿಯುವ ಮೊದಲ ತಿಂಗಳುಗಳಲ್ಲಿ ರೋಗಿಯ ಶರೀರರಚನೆಗೆ ಹೋಗಬೇಕಾದ ಗಮನದ ಒಂದು ಪಾಲು ಹಿಡಿಕೆಯ ಜೊತೆಗಿನ ಜಗಳಕ್ಕೆ ಹೋಗುತ್ತದೆ. ಹೊರಗಿನಿಂದ ನೋಡುವ ಹಿರಿಯರಿಗೆ ಕಾಣುವುದು ‘ಈಕೆ ನಿಧಾನ’ ಎಂಬುದಷ್ಟೇ. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ, ಗಂಟು ಕಾಣದಂತೆ ಗವಂತಿ ಹೊಲಿಗೆ ಹಾಕುವ ಹೆಣ್ಣುಮಗಳಿಗೆ ದಬ್ಬಣ ಕೊಟ್ಟು ಕೈ ಒರಟು ಅಂದ ಹಾಗೆ ಈ ಮಾತು.

ಮೇಜಿನ ಎತ್ತರದ ಕಥೆಯೂ ಇದೇ. ತೆರೆದ ಶಸ್ತ್ರಚಿಕಿತ್ಸೆಗೆಂದು ಮಾಡಿದ ಮೇಜು, ಅದರ ಮೇಲೆ ರೋಗಿ, ಗಾಳಿ ತುಂಬಿ ಉಬ್ಬಿದ ಹೊಟ್ಟೆ, ಅದರ ಮೇಲೆ ಎದ್ದು ನಿಂತ ಸರಳು. ಹಿಡಿಕೆ ಮೊಣಕೈ ಮಟ್ಟದಲ್ಲಿರಬೇಕು ಎಂದು ಅಧ್ಯಯನಗಳು ಹೇಳುತ್ತವೆ. ಐದಡಿಯ ಪಿಜಿಗೆ ಮೇಜನ್ನು ಕೊನೆಯ ಮಟ್ಟಕ್ಕೆ ಇಳಿಸಿದರೂ ಹಿಡಿಕೆ ಎದೆಯ ಹತ್ತಿರ ಬರುತ್ತದೆ. ಪರಿಹಾರ, ಕಾಲಡಿಗೆ ಒಂದು ಸ್ಟೂಲು. ಸ್ಟೂಲು ಹತ್ತಿದ ಕೂಡಲೇ ಇನ್ನೊಂದು ಫಜೀತಿ. ವಿದ್ಯುತ್ತಿನಿಂದ ಕತ್ತರಿಸುವ, ಸುಡುವ ಪೆಡಲುಗಳು ನೆಲದ ಮೇಲೇ ಉಳಿದಿರುತ್ತವೆ. ಹಳದಿ ಕತ್ತರಿಸಲು, ನೀಲಿ ರಕ್ತ ನಿಲ್ಲಿಸಲು. ಕಣ್ಣು ಪರದೆಯ ಮೇಲೆ, ಎರಡೂ ಕೈ ಹೊಟ್ಟೆಯ ಮೇಲೆ, ಒಂದು ಕಾಲು ಸ್ಟೂಲಿನ ಅಂಚಿನಲ್ಲಿ, ಇನ್ನೊಂದು ಕಾಲು ಕೆಳಗೆ ಬಣ್ಣ ಕಾಣದೆ ಪೆಡಲು ತಡಕುತ್ತದೆ. ಪೆಡಲನ್ನೂ ಸ್ಟೂಲಿನ ಮೇಲೆ ಹಿಡಿಯುವಷ್ಟು ಅಗಲದ ಹಲಗೆ ಮಾಡಿಸಲು ಊರಿನ ಬಡಿಗ್ಯಾರೇ ಸಾಕು.

ತೂತು ಎಲ್ಲಿ ಹಾಕುತ್ತಾರೆ ಎಂಬುದೂ ಉಪಕರಣದ ಪಾಠವೇ. ಎರಡು ಸರಳುಗಳ ನಡುವೆ ಸುಮಾರು 60 ಡಿಗ್ರಿ ಕೋನವಿದ್ದರೆ ಒಳಗೆ ಗಂಟು ಹಾಕಲು ಅನುಕೂಲ ಎಂದು ಸ್ಕಾಟ್ಲೆಂಡಿನ ಡಂಡಿಯಲ್ಲಿ ಆಲ್‌ಫ್ರೆಡ್ ಕುಶಿಯೆರಿ ಮತ್ತು ಸಂಗಡಿಗರು ತೋರಿಸಿದ್ದಾರೆ. ಆದರೆ ತೂತು ಹಾಕುವವರು ಹಿರಿಯರು. ಜಾಗ ಆರಿಸುವುದು ಅವರ ತೋಳಿನ ಅಂದಾಜಿನಲ್ಲಿ. ಒಂದು ತೂತು ತನ್ನ ಪಕ್ಕ, ಇನ್ನೊಂದು ರೋಗಿಯ ಆಚೆ ಪಕ್ಕ ಇದ್ದರೆ ಗಿಡ್ಡ ತೋಳಿನ ಪಿಜಿ ರೋಗಿಯ ಮೇಲೆ ಬಾಗಿ, ಸೊಂಟ ತಿರುವಿಕೊಂಡೇ ಹೊಲಿಯಬೇಕು. ಎರಡೂ ತೂತು ತನ್ನ ಪಕ್ಕದಲ್ಲೇ ಇರುವ ಪದ್ಧತಿಯಲ್ಲಿ ಹಿರಿಯರೂ ಪಿಜಿಯೂ ನೆಟ್ಟಗೆ ನಿಲ್ಲಬಹುದು. ಗರ್ಭಚೀಲ ತೆಗೆದ ಮೇಲೆ ಯೋನಿಯ ಮೇಲ್ತುದಿಯನ್ನು ಹೊಲಿಯುವುದು ಪಿಜಿಗಳಿಗೆ ಅತ್ಯಂತ ಕಠಿಣವಾದ ಘಟ್ಟ. ಅಲ್ಲಿ ಈ ವ್ಯತ್ಯಾಸಕ್ಕೆ ಬೆಲೆ ತಿಳಿಯುತ್ತದೆ.

ದೇಹ ತೆರುವ ಬೆಲೆ ಸಣ್ಣ ಕೈಯವರದ್ದು ಮಾತ್ರವಲ್ಲ. ಏಡ್ರಿಯನ್ ಪಾರ್ಕ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ, 317 ಶಸ್ತ್ರವೈದ್ಯರ ಸಮೀಕ್ಷೆಯಲ್ಲಿ ಸುಮಾರು ಶೇ. 87 ಮಂದಿ ಕುತ್ತಿಗೆ, ಭುಜ, ಬೆನ್ನು, ಕೈಯ ಯಾವುದಾದರೊಂದು ತೊಂದರೆ ಹೇಳಿಕೊಂಡರು. ರೋಗಿಗೆ ಲಾಭ, ವೈದ್ಯರಿಗೆ ನೋವು ಎಂಬರ್ಥದ ಶೀರ್ಷಿಕೆಯನ್ನೇ ಅವರು ಆ ಪ್ರಬಂಧಕ್ಕೆ ಕೊಟ್ಟಿದ್ದರು. ಇಪ್ಪತ್ತು ನಲವತ್ತು ನಿಮಿಷಕ್ಕೊಮ್ಮೆ ಒಂದೆರಡು ನಿಮಿಷ ಕೈಬಿಟ್ಟು ಕುತ್ತಿಗೆ, ಭುಜ ಚಾಚಿಕೊಂಡರೆ ನೋವು ಇಳಿಯುತ್ತದೆ ಎಂದೂ ನಂತರದ ಅಧ್ಯಯನಗಳು ತೋರಿಸಿವೆ. ನಮ್ಮ ಥಿಯೇಟರುಗಳಲ್ಲಿ ಪಿಜಿಯೊಬ್ಬಳು ‘ಸರ್, ಎರಡು ನಿಮಿಷ’ ಎಂದು ಕೇಳುವ ದಿನ ಬರಬೇಕಷ್ಟೆ.

ಇದರಲ್ಲೊಂದು ವಿಪರ್ಯಾಸವಿದೆ. ಹೊಟ್ಟೆಯೊಳಗೆ ಇಣುಕಿ ಮಾಡುವ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದವರು ಮೊದಲು ಸ್ತ್ರೀರೋಗ ತಜ್ಞರೇ. 1910ರಲ್ಲಿ ಸ್ಟಾಕ್‌ಹೋಮಿನ ಯಾಕೋಬಿಯಸ್ ಮನುಷ್ಯರ ಹೊಟ್ಟೆಯೊಳಗೆ ಇಣುಕಿದರು. 1940ರ ದಶಕದಲ್ಲಿ ಪ್ಯಾರಿಸಿನ ರಾವುಲ್ ಪಾಮರ್ ಅದನ್ನು ಸ್ತ್ರೀರೋಗಕ್ಕೆ ಒಗ್ಗಿಸಿದರು. ಜರ್ಮನಿಯ ಕೀಲ್ ನಗರದ ಕುರ್ಟ್ ಸೆಮ್ ಉಪಕರಣಗಳ ಹುಚ್ಚಿನ ಮನುಷ್ಯ. ಗಾಳಿ ತುಂಬುವ ಸ್ವಯಂಚಾಲಿತ ಯಂತ್ರದಿಂದ ಹಿಡಿದು ದಾರದ ಕುಣಿಕೆಯವರೆಗೆ ಎಷ್ಟೋ ಸಾಧನಗಳನ್ನು ರೂಪಿಸಿದರು. ಇಂಥ ಕೆಲಸಕ್ಕೆ ಕೈಹಾಕುವವನ ಮೆದುಳೇ ಕೆಟ್ಟಿರಬೇಕು, ಸ್ಕ್ಯಾನ್ ಮಾಡಿಸಿಕೊಳ್ಳಲಿ ಎಂದು ಸಹೋದ್ಯೋಗಿಗಳು ಅಂದದ್ದು ಈ ವಿದ್ಯೆಯ ಇತಿಹಾಸದಲ್ಲಿ ಪ್ರಸಿದ್ಧ. 1980ರಲ್ಲಿ ಅವರು ದುರ್ಬೀನಿನ ಮೂಲಕ ಅಪೆಂಡಿಕ್ಸ್ ತೆಗೆದಾಗ ಜರ್ಮನಿಯ ಶಸ್ತ್ರವೈದ್ಯರು ಕೆಂಡವಾದರು. 1988ರಲ್ಲಿ ಅಮೆರಿಕದ ಹ್ಯಾರಿ ರೀಚ್ ಇದೇ ಮಾರ್ಗದಲ್ಲಿ ಗರ್ಭಚೀಲ ತೆಗೆದರು. ಇವರೆಲ್ಲ ಗಂಡಸರು, ಯುರೋಪ್ ಅಮೆರಿಕದ ಕೈಗಳು. ಹಿಡಿಕೆ ರೂಪುಗೊಂಡದ್ದು ಅಂಥ ಕೈಗಳ ಸುತ್ತ. ಇಂದು ಅದನ್ನು ಹಿಡಿಯುವವರು ಬದಲಾಗಿದ್ದಾರೆ, ಅಚ್ಚು ಅಷ್ಟಾಗಿ ಬದಲಾಗಿಲ್ಲ.

ಸೆಮ್ ಮಾಡಿದ ಇನ್ನೊಂದು ಉಪಕಾರ ಕಲಿಯುವ ಪೆಟ್ಟಿಗೆ. ಪೆಲ್ವಿ-ಟ್ರೇನರ್ ಎಂದು ಅದಕ್ಕೆ ಹೆಸರು. ರೋಗಿಯ ಮೇಲೆ ಕೈಯಿಡುವ ಮೊದಲು ಪೆಟ್ಟಿಗೆಯಲ್ಲಿ ಅಭ್ಯಾಸ ಮಾಡಿ ಬರಬೇಕು ಎಂಬ ವಿಚಾರ ನಮ್ಮಲ್ಲಿಗೆ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಾಸಕ್ಕೆಂದೇ ಒಂದು ಅಧ್ಯಾಯವಿದೆ. ಕುಂಬಳ, ಸೋರೆ, ಸೌತೆಗಳ ಮೇಲೆ ಛೇದನ, ಕೆಸರು ತುಂಬಿದ ಚರ್ಮದ ಚೀಲದ ಮೇಲೆ ಭೇದನ ಕಲಿಯಲು ಅಲ್ಲಿ ಹೇಳಿದೆ. 101 ಯಂತ್ರಗಳನ್ನು ಎಣಿಸಿ ಅವುಗಳಲ್ಲಿ ಕೈಯೇ ಪ್ರಧಾನ ಎಂದೂ ಆ ಗ್ರಂಥ ಹೇಳುತ್ತದೆ. ಉಪಕರಣ ತಯಾರಕರು ಇದನ್ನು ಓದಿದ್ದರೆ ಒಳ್ಳೆಯದಿತ್ತು.

ಅಮೆರಿಕದಲ್ಲಿ 2004ರಿಂದ ಲ್ಯಾಪರೋಸ್ಕೋಪಿಯ ಮೂಲಪಾಠಗಳ ಒಂದು ಪರೀಕ್ಷೆಯಿದೆ, ಹೆಸರು ಎಫ್‌ಎಲ್‌ಎಸ್. ಪೆಟ್ಟಿಗೆಯೊಳಗೆ ಆರು ಸಣ್ಣ ತುಂಡುಗಳನ್ನು ಒಂದು ಗೂಟದಿಂದ ಇನ್ನೊಂದಕ್ಕೆ ದಾಟಿಸುವುದು, ಗುರುತಿನ ಮೇಲೆ ಕತ್ತರಿಸುವುದು, ಗಂಟು ಹಾಕುವುದು, ಹೀಗೆ ಐದು ಕೆಲಸ. ಗಡಿಯಾರ ನೋಡಿ ಅಂಕ. 2020ರಲ್ಲಿ ಅಲ್ಲಿನ ಸ್ತ್ರೀರೋಗ ಮಂಡಳಿ ತನ್ನ ಪ್ರಮಾಣಪತ್ರ ಬೇಕಾದವರಿಗೆ ಅದನ್ನು ಕಡ್ಡಾಯ ಮಾಡಿತು. ನಮ್ಮ ಪಿಜಿ ಹಾಸ್ಟೆಲುಗಳಲ್ಲಿ ಇದೇ ಪಾಠಕ್ಕೆ ರಟ್ಟಿನ ಡಬ್ಬಿ, ಮೊಬೈಲ್ ಕ್ಯಾಮರಾ, ಆಸ್ಪತ್ರೆಯಿಂದ ಬೇಡವಾಗಿ ಬಂದ ಎರಡು ಸರಳು ಸಾಕಾಗುತ್ತವೆ. ಕಿತ್ತಳೆ ಸುಲಿಯಬಹುದು, ಫೋಮಿನ ಮೇಲೆ ಹೊಲಿಯಬಹುದು. ಇಲ್ಲೊಂದು ಎಚ್ಚರ ಬೇಕು. ಡಬ್ಬಿಯಲ್ಲಿ ಸವೆದ ಉಂಗುರದ ಹಿಡಿಕೆ, ಥಿಯೇಟರಿನಲ್ಲಿ ಸೂಜಿ ಹಿಡಿಯುವ ಸಾಧನಕ್ಕೆ ನೇರ ಹಿಡಿಕೆ ಎಂದಾದರೆ ಕಲಿತ ಕೈಯನ್ನು ಮರೆತು ಹೊಸ ಕೈ ಕಲಿಯಬೇಕಾಗುತ್ತದೆ. ಗಡಿಯಾರ ಅಳೆಯುತ್ತಿರುವುದು ಅವಳ ಚಾಕಚಕ್ಯತೆಯನ್ನೋ ಹಿಡಿಕೆಯ ಸಡಿಲವನ್ನೋ ಎಂದು ಪರೀಕ್ಷಕರೂ ಒಮ್ಮೆ ಕೇಳಿಕೊಳ್ಳಬೇಕು.

ಸವೆದ ಉಪಕರಣದ ಮಾತು ಬಂತು. ದುಬಾರಿ ಸಾಧನಗಳನ್ನು ಎಥಿಲೀನ್ ಆಕ್ಸೈಡ್ ಅನಿಲದಲ್ಲಿ ಶುದ್ಧಿಮಾಡಿ ಮತ್ತೆ ಮತ್ತೆ ಬಳಸುವುದು ನಮ್ಮ ದೇಶದ ವಾಸ್ತವ, ರೋಗಿಯ ಜೇಬು ನೋಡಿದರೆ ಅದನ್ನು ಪೂರ್ತಿ ತಪ್ಪೆನ್ನಲೂ ಆಗದು. ಆದರೆ ಮೊಂಡು ಕತ್ತರಿ ಅಂಗಾಂಶವನ್ನು ಕತ್ತರಿಸುವ ಬದಲು ಜಗಿಯುತ್ತದೆ. ಸರಳಿನ ಮೇಲಿನ ನಿರೋಧಕ ಕವಚ ಕೂದಲೆಳೆಯಷ್ಟು ಬಿರಿದರೂ ವಿದ್ಯುತ್ತು ತುದಿಗೆ ಹೋಗದೆ ದಾರಿಯಲ್ಲೇ, ಪರದೆಗೆ ಕಾಣದ ಜಾಗದಲ್ಲಿ ಕರುಳನ್ನು ಸುಡಬಲ್ಲದು. ಹೊಸ ಕತ್ತರಿ ಹಿರಿಯರ ಟ್ರೇಗೆ, ಹಳೆಯದು ಕಲಿಯುವವರಿಗೆ ಎಂಬ ರೂಢಿ ಎಲ್ಲಿದ್ದರೂ ಅದು ತಲೆಕೆಳಗು. ಕಚ್ಚುವ ಕತ್ತರಿಯಲ್ಲಿ ಬೇರೆ ದಾರಿ ಹುಡುಕಿಕೊಳ್ಳಬಲ್ಲವರು ಅನುಭವಿಗಳು; ಕಲಿಯುವವಳಿಗೆ ತಪ್ಪು ಕತ್ತರಿಯದ್ದೋ ತನ್ನದೋ ಎಂಬುದೇ ತಿಳಿಯುವುದಿಲ್ಲ.

ಅತಿ ಒಳ್ಳೆಯ ಉಪಕರಣವೂ ಬೇರೆ ರೀತಿಯಲ್ಲಿ ಕಾಡುತ್ತದೆ. ತಾನೇ ಕಚ್ಚಿಕೊಳ್ಳುವ ಮುಳ್ಳುದಾರ ಬಂದ ಮೇಲೆ ಗಡ್ಡೆ ತೆಗೆದ ಗರ್ಭಚೀಲವನ್ನು ಗಂಟಿಲ್ಲದೆ ಹೊಲಿಯಬಹುದು. ಸಮಯ ಉಳಿಯಿತು, ನಿಜ. ಆ ದಾರವಿಲ್ಲದ ತಾಲ್ಲೂಕು ಆಸ್ಪತ್ರೆಗೆ ಹೋದ ದಿನ ಗಂಟು ಹಾಕಲು ಬಾರದ ತಜ್ಞೆ ಏನು ಮಾಡಬೇಕು? ಗಡ್ಡೆಯನ್ನು ಹೊಟ್ಟೆಯೊಳಗೇ ಚೂರು ಮಾಡಿ ತೆಗೆಯುವ ವಿದ್ಯುತ್ ಮಾರ್ಸಿಲೇಟರನ್ನು ನಂಬಿ ಒಂದು ಪೀಳಿಗೆಯೇ ಕಲಿಯಿತು. ಗುರುತಾಗದ ಕ್ಯಾನ್ಸರ್ ಇದ್ದರೆ ಅದು ಹೊಟ್ಟೆಯೆಲ್ಲ ಹರಡಬಹುದು ಎಂದು 2014ರ ಏಪ್ರಿಲಿನಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಸಿತು, ಕಲಿತ ವಿಧಾನವನ್ನು ಎಷ್ಟೋ ಮಂದಿ ಬದಲಿಸಬೇಕಾಯಿತು.

ರೋಬೋಟ್ ಈ ಕೈಯಳತೆಯ ತಂಟೆಯನ್ನೇ ಮುಗಿಸುತ್ತದೆ ಎನ್ನುವವರಿದ್ದಾರೆ. ಕೂತು ಕೆಲಸ, ನಡುಕ ಸೋಸಿಹೋಗುತ್ತದೆ, ತುದಿ ಮಣಿಕಟ್ಟಿನಂತೆ ಬಳುಕುತ್ತದೆ. ಡಾವಿಂಚಿ ಯಂತ್ರಕ್ಕೆ ಸ್ತ್ರೀರೋಗ ಶಸ್ತ್ರಚಿಕಿತ್ಸೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ. ಭಾರತದ್ದೇ ಆದ ಎಸ್‌ಎಸ್‌ಐ ಮಂತ್ರ ಕೂಡ ಈಗ ಬಂದಿದೆ. ಆದರೆ ನವಲಗುಂದಕ್ಕೋ ಕಲಘಟಗಿಗೋ ಅದು ಸದ್ಯಕ್ಕೆ ಬರುವುದಿಲ್ಲ. ಅಲ್ಲಿಗೆ ಹೆಚ್ಚು ಹತ್ತಿರದ ದಾರಿ ಇನ್ನೊಂದಿದೆ. ಗ್ರಾಮೀಣ ಶಸ್ತ್ರವೈದ್ಯ ಜೆ. ಜ್ಞಾನರಾಜ್ ಮೊದಲಾದವರು ಗಾಳಿ ತುಂಬದೆ, ಹೊಟ್ಟೆಯ ಗೋಡೆಯನ್ನು ಕೊಕ್ಕೆಯಂಥ ಸಾಧನದಿಂದ ಮೇಲೆತ್ತಿ, ಬೆನ್ನಿಗೆ ಕೊಡುವ ಅರಿವಳಿಕೆಯಲ್ಲೇ ಮಾಡುವ ಪದ್ಧತಿಯನ್ನು ದೇಶದ ಹಿಂದುಳಿದ ಭಾಗಗಳಲ್ಲಿ ನಡೆಸಿದ್ದಾರೆ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯ ಅವರ ಜೊತೆಗೂಡಿ ಆ ಸಾಧನವನ್ನು ಸುಧಾರಿಸಿದೆ. ಗಾಳಿ ಸೋರುವ ಚಿಂತೆ ಇಲ್ಲದ ಕಾರಣ ತೆರೆದ ಶಸ್ತ್ರಚಿಕಿತ್ಸೆಯ ಸಾದಾ ಉಪಕರಣಗಳನ್ನೂ ಅದೇ ತೂತಿನಲ್ಲಿ ಬಳಸಬಹುದು. ಅಂದರೆ ಪಿಜಿಯ ಬೆರಳಿಗೆ ಈಗಾಗಲೇ ಪರಿಚಯವಿರುವ ಸಾಧನಗಳನ್ನು.

ಉಪಕರಣ ಖರೀದಿಯ ದಾಖಲೆಯಲ್ಲಿ ಉದ್ದ, ದಪ್ಪ, ಉಕ್ಕಿನ ಗುಣ, ವಾರಂಟಿ ಎಲ್ಲ ಬರೆದಿರುತ್ತದೆ. ಹಿಡಿಕೆ ಎಂಥ ಕೈಗೆ ಎಂಬ ಸಾಲು ಅಪರೂಪ. ಅತಿ ಕಡಿಮೆ ದರ ಹೇಳಿದವರ ಮಾಲು ಬರುತ್ತದೆ, ಹತ್ತು ವರ್ಷ ಉಳಿಯುತ್ತದೆ, ಆ ಹತ್ತು ವರ್ಷದ ಪಿಜಿಗಳೆಲ್ಲ ಅದರಲ್ಲೇ ಕಲಿಯುತ್ತಾರೆ. ಕಂಪನಿಯವರು ಮಾದರಿ ತಂದು ತೋರಿಸುವಾಗ ಹಿಡಿದು ನೋಡುವವರು ವಿಭಾಗದ ಮುಖ್ಯಸ್ಥರು, ಬಹಳ ಕಡೆ ಮೂವತ್ತು ವರ್ಷದ ಅನುಭವದ ಕೈ. ಆ ಕೈಗೆ ಎಲ್ಲವೂ ಒಗ್ಗುತ್ತದೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಎಲ್ಲೇ ಇರಲಿ, ಕಲಿಸುವ ಆಸ್ಪತ್ರೆಗಳ ಖರೀದಿ ಸಮಿತಿಯವರಲ್ಲಿ ಒಂದು ಕೋರಿಕೆ: ಮುಂದಿನ ಸಲ ಡೆಮೊ ಇಟ್ಟುಕೊಂಡ ದಿನ ಎರಡನೇ ವರ್ಷದ ಒಬ್ಬ ಪಿಜಿಯನ್ನೂ ಆ ಕೋಣೆಗೆ ಕರೆಯಿರಿ, ಸಾಧನವನ್ನು ಮೊದಲು ಅವಳ ಕೈಗೆ ಕೊಡಿ, ದರಪಟ್ಟಿಯನ್ನು ಆಮೇಲೆ ತೆರೆಯಿರಿ.